ಅಮ್ಮ ಕಡೆದಿಟ್ಟ ಬೆಣ್ಣೆ

ಅಮೆರಿಕದ ಬಫಲೋ ಊರಿನ ಪೋಲಿಷ್ ಕೇರಿಯಲ್ಲಿ ಈಸ್ಟರ್ ಬಂತೆಂದರೆ ಮನೆಮನೆಯಲ್ಲೂ ಬೆಣ್ಣೆಯನ್ನು ಅಚ್ಚಿಗೊತ್ತಿ ಕುರಿಮರಿ ಮಾಡಲೇಬೇಕು. ಮೊಟ್ಟೆ, ಬ್ರೆಡ್ಡು, ಸಾಸೇಜಿನ ನಡುವೆ ಅದು ಕೂತರೇನೇ ಹಬ್ಬದ ಬುಟ್ಟಿಯನ್ನು ಹಿಂದಿನ ದಿನ ಶನಿವಾರ ಆಶೀರ್ವಾದಕ್ಕೆಂದು ಪಾದ್ರಿಗಳ ಮುಂದೆ ಇಡಲು ಮನಸ್ಸಾಗುವುದು. ಹಲೀನಾಳ ಅಮ್ಮ ಇದ್ದಷ್ಟು ದಿನ ಆ ಮನೆಗೆ ಈ ಚಿಂತೆಯೇ ಇರಲಿಲ್ಲ. ಹಳ್ಳಿಯಿಂದ ಕೆನೆ ತರಿಸಿ ತಾನೇ ಕಡೆಯುತ್ತಿದ್ದಳು. ಅಡುಗೆಮನೆಯ ತುಂಬ ಬೆಣ್ಣೆಯ ವಾಸನೆ, ಅವಳ ಗುನುಗು. ಎಂಥಾ ಕಾಲ ಅದು!

ಕಳೆದ ಶರತ್ಕಾಲದಲ್ಲಿ ಕಡೆದು ಸುಸ್ತಾದ ಅಮ್ಮ, "ಒಳಗಿಡೇ ಇದನ್ನ, ಈಸ್ಟರಿಗೆ ಬೇಕಾಗುತ್ತೆ" ಅಂದಿದ್ದಳು. ಹಲೀನಾ ಆ ಬೆಣ್ಣೆಯ ಎರಡು ಮುದ್ದೆಗಳನ್ನೂ ಫ್ರೀಜರಿಗೆ ತುರುಕಿದಳು. ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು.

ಹಬ್ಬದ ಹಿಂದಿನ ಶುಕ್ರವಾರ ಹಲೀನಾ ಒಂದು ಮುದ್ದೆ ತೆಗೆದಳು. ಕಲ್ಲಾಗಿತ್ತು. ಆತುರಕ್ಕೆ ಒಲೆಯ ಮೇಲಿಟ್ಟಳು, ಕರಗಿ ಎಣ್ಣೆಯಾಯಿತು. ತಣ್ಣಗೆ ಮಾಡಿ ಮರದ ಅಚ್ಚಿಗೆ ಹಾಕಿ ತೆಗೆದರೆ ಕುರಿಮರಿಯ ತಲೆ ಒಂದು ಕಡೆ, ಮೈ ಒಂದು ಕಡೆ. ಇನ್ನೊಂದು ಮುದ್ದೆಯನ್ನು ಮೂಸಿದರೆ ಬೆಳ್ಳುಳ್ಳಿ ಸಾಸೇಜಿನ ಘಾಟು. ಅವಳು ಅಲ್ಲೇ ಕೂತು ಅತ್ತುಬಿಟ್ಟಳು.

"ಬಿಡು ಮಗಳೇ, ಅಂಗಡೀಲಿ ಕುರಿಮರಿನೇ ಸಿಗುತ್ತಲ್ಲ" ಎಂದರು ಅಪ್ಪ ತಾದೇವುಷ್. ಹೇಳುವಾಗ ಅವರ ದನಿಯೂ ಸೋತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಯಾನಿನಾ ಬಣ್ಣದ ಮೊಟ್ಟೆ ಕೊಡಲು ಬಂದಳು. ಅಮ್ಮನ ಜೊತೆ ಎಷ್ಟೋ ವರ್ಷ ಬೆಣ್ಣೆ ಕಡೆದವಳು. ಮುದ್ದೆಯನ್ನು ಮೂಸಿ, ಫ್ರೀಜರಿನೊಳಗೆ ಇಣುಕಿದಳು.

"ಬರೀ ತೆಳು ಕಾಗದ ಸುತ್ತಿ ಸಾಸೇಜ್ ಪಕ್ಕ ಮಲಗಿಸಿದೀಯಲ್ಲೇ. ಬೆಣ್ಣೆ ಸುಮ್ನಿರುತ್ತಾ? ಅಕ್ಕಪಕ್ಕದ ವಾಸನೆನೆಲ್ಲ ಎಳ್ಕೊಳ್ಳುತ್ತೆ."

"ಹಂಗಾದ್ರೆ ಇದೂ ಹೋಯ್ತಾ ಅಕ್ಕ?"

"ಮೇಲಿಂದು ಕೆರೆದು ತೆಗಿ. ಒಳಗೆ ಚೆನ್ನಾಗಿರುತ್ತೆ."

ಕೆರೆದರೆ, ಹೌದು, ಒಳಗೆ ಹಳದಿ ಬಣ್ಣದ ಒಳ್ಳೆಯ ಬೆಣ್ಣೆ.

"ಒಂಚೂರು ಒಲೆ ಹತ್ರ ಇಟ್ರೆ ಬೇಗ..."

"ಒಲೆ ಸುದ್ದಿ ಎತ್ತಬೇಡ ನೀನು. ಫ್ರಿಜ್ಜಲ್ಲಿ ಕೆಳಗಡೆ ಇಡು, ನಾಳೆವರೆಗೂ ಮುಟ್ಟಬೇಡ. ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗಿಡು. ಬೆರಳು ಒತ್ತಿದ್ರೆ ತಗ್ಗು ಬೀಳಬೇಕು, ಆಗ ಅಚ್ಚಿಗೆ ತುಂಬು."

"ನಾಳೆ ಮಧ್ಯಾಹ್ನಾನೇ ಚರ್ಚಿಗೆ ಹೋಗ್ಬೇಕಮ್ಮ. ಆಗ್ದಿದ್ರೆ?" ಅಪ್ಪನಿಗೆ ನಂಬಿಕೆಯಿಲ್ಲ.

"ಆಗ್ದಿದ್ರೆ ನಮ್ಮನೆ ಕುರಿಮರೀನೇ ನಿಮ್ಮ ಬುಟ್ಟಿಗೆ ಹಾಕ್ತೀನಿ. ಸುಮ್ನೆ ಕೂತ್ಕೊಳ್ಳಿ."

ಶನಿವಾರ ಬೆಳಿಗ್ಗೆ ಅಚ್ಚಿನಿಂದ ಕುರಿಮರಿ ಇಡಿಯಾಗಿ ಎದ್ದು ಬಂತು. ಹಲೀನಾ ಕರಿಮೆಣಸಿನ ಕಣ್ಣಿಟ್ಟಳು, ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿದಳು.

ಹಬ್ಬದ ದಿನ ಅಪ್ಪ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದರು.

"ಉಪ್ಪು ಒಂಚೂರು ಮುಂದು. ನಿಮ್ಮಮ್ಮನ ಕೈನೇ" ಎಂದರು. ಊಟವಾದ ಮೇಲೆ ಅವರೇ ಎದ್ದು, ಮಿಕ್ಕ ಬೆಣ್ಣೆಯನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಸಾಸೇಜುಗಳನ್ನು ಬೇರೆ ಮೂಲೆಗೆ ಸರಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ಬೆಣ್ಣೆ ತಾಜಾ ಇರುವಾಗಲೇ ಒಂದೊಂದು ಸಲಕ್ಕೆ ಬೇಕಾದಷ್ಟು ಮುದ್ದೆ ಮಾಡಿ. ಬಿಗಿಯಾಗಿ ಸುತ್ತಿ, ಗಾಳಿಯಾಡದ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಘಾಟಿನ ಪದಾರ್ಥ ಹತ್ತಿರ ಬೇಡ. ಉಪ್ಪಿಲ್ಲದ ಬೆಣ್ಣೆ ಅಷ್ಟು ಕಾಲ ತಾಳುವುದಿಲ್ಲ, ಅದನ್ನು ಮೊದಲು ಮುಗಿಸಿ. ಬೇಕಾಗುವ ಹಿಂದಿನ ದಿನವೇ ಫ್ರಿಜ್ಜಿಗೆ ಇಳಿಸಿ. ಒಮ್ಮೆ ಮೆತ್ತಗಾದದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಬೆಣ್ಣೆಯನ್ನು ಇನ್ನೊಂದು ಸಲ ಕೊಳ್ಳಬಹುದು, ಕಡೆದ ಕೈಯನ್ನು ಎಲ್ಲಿಂದ ತರುತ್ತೀರಿ? ಇವತ್ತೇ ಜೋಪಾನವಾಗಿ ಸುತ್ತಿಡಿ.