ಪ್ಯಾಂಟಿನ ಅಳತೆ

ತೇಪೆಯ ಮೇಲೆ ತೇಪೆ, ಎದೆಯ ಹತ್ತಿರ ಗೋಣಿತಟ್ಟಿನಂಥ ತುಂಡು, ಎಡತೋಳಿನಲ್ಲಿ ಯಾರೋ ಅವಸರದಲ್ಲಿ ಹಾಕಿದ ಹೊಲಿಗೆ, ಹೀಗೆ ಹೊಲಿದಿದ್ದರೆ ನಮ್ಮ ಅಂಗಡಿಯಲ್ಲಿ ಗಿರಾಕಿ ಮುಖದ ಮೇಲೆ ಎಸೆದು ಹೋಗುತ್ತಿದ್ದ — ಗಾಜಿನ ಪೆಟ್ಟಿಗೆಯೊಳಗೆ ಎಂಟುನೂರು ವರ್ಷದ ಹಿಂದಿನ ಸಂತನ ನಿಲುವಂಗಿ, ಬೆನ್ನಿಗೆ ಯಾತ್ರೆಗೆ ಜೊತೆ ಬಂದ ಟೀಚರಮ್ಮನ ಮೊಣಕೈ, ಸ್ವಲ್ಪ ಮುಂದೆ ಹೋಗಮ್ಮ, ನಾವೂ ನೋಡ್ಬೇಕಲ್ಲ, ಹೇಗೆ ಹೇಳಲಿ ಇವರಿಗೆ, ಮೂವತ್ತು ವರ್ಷ ಹೊಲಿದವಳ ಕಣ್ಣು ಸಂತನನ್ನು ಬಿಟ್ಟು ಮೊದಲು ಹೊಲಿಗೆಗೇ ಹೋಗುತ್ತದೆ. ಹಳದಿ ಬಾವುಟದ ಗೈಡು ಬಾಯಿಪಾಠ ಒಪ್ಪಿಸುತ್ತಿದ್ದಾನೆ, ಬಟ್ಟೆ ವ್ಯಾಪಾರಿ ಮಗ ಇವರು, ಎಲ್ಲರ ಎದುರಿಗೆ ಮೈಮೇಲಿನದೆಲ್ಲ ಬಿಚ್ಚಿ ಅಪ್ಪನ ಕೈಗೆ ಕೊಟ್ಬಿಟ್ರು — ಟೀಚರಮ್ಮ ಶಿಲುಬೆಯ ಗುರುತು ಮಾಡಿಕೊಂಡರು, ನನಗೆ ಆ ಅಪ್ಪ ಕಂಡ, ಮಗನ ಮೈಬಿಸಿ ಆರದ ಬಟ್ಟೆ ಹಿಡಿದುಕೊಂಡು ಮನೆಗೆ ಹೇಗೆ ನಡೆದನೋ ಪಾಪ.

ನನ್ನ ತಮ್ಮನೂ ಬಿಚ್ಚಿಟ್ಟೇ ಹೋದ, ಕಡ್ಡಿ ಎಂದು ಕರೆಯುತ್ತಿದ್ದೆವು, ಹತ್ತೊಂಬತ್ತಕ್ಕೆ ಇದೇ ಸಂತನ ಫ್ರಾನ್ಸಿಸ್ಕನ್ ಮಠ ಸೇರಿದ, ಈ ಪ್ಯಾಂಟು ಶರ್ಟೆಲ್ಲ ಯಾರಿಗಾದ್ರೂ ಕೊಟ್ಬಿಡಕ್ಕ, ನಂಗಿನ್ಯಾಕೆ, ಅಂದಿನಿಂದ ಅಮ್ಮನಿಗೆ ಚರ್ಚಿನಲ್ಲಿ ಮುಂದಿನ ಬೆಂಚು, ಸನ್ಯಾಸಿಯ ತಾಯಿ ಎಂದು ಬೀದಿಯವರೆಲ್ಲ ಕೈಮುಗಿದರು, ಬಾಗಿದ್ದ ಬೆನ್ನು ನೆಟ್ಟಗಾಯಿತು, ಮಂಡಿನೋವು ಎನ್ನುವುದೇ ಮರೆತುಹೋಯಿತು. ಅವನನ್ನು ಸಂತನ ಈ ದೇಶಕ್ಕೆ, ಇಲ್ಲಿನ ಗುಡ್ಡದ ಮೇಲಿನ ಗವಿಮಠಕ್ಕೆ ಕಳಿಸಿದರು. ಕಾಗದಗಳನ್ನು ಹಿರಿಯರು ಓದಿಯೇ ಅಂಚೆಗೆ ಹಾಕುತ್ತಿದ್ದರು, ಅದಕ್ಕೇ ಅವುಗಳ ತುಂಬ ಬರೀ ಹಕ್ಕಿ, ಹಿಮ, ಪ್ರಾರ್ಥನೆ. ಮೂರನೇ ವರ್ಷ ಬಂದದ್ದು ಎರಡೇ ಸಾಲು, ಅಕ್ಕ, ನಂಗೊಂದು ಹೊಸ ನಿಲುವಂಗಿ ಹೊಲಿದು ಕಳಿಸು, ಅಳತೆ ಕೆಳಗಿದೆ — ಸೊಂಟ ಇಪ್ಪತ್ತೆಂಟು, ಸೀಟು ಮೂವತ್ತಾರು, ಉದ್ದ ನಲವತ್ತು, ಬಾಟಮ್ ಹದಿನಾಲ್ಕು. ನಿಲುವಂಗಿಗೆ ಬೇಕಾದದ್ದು ಭುಜ, ತೋಳು, ಎತ್ತರ, ಸೊಂಟಕ್ಕೆ ಹಗ್ಗ ಬಿಗಿದರಾಯಿತು, ಟೇಪು ಕತ್ತರಿಯ ನಡುವೆಯೇ ಬೆಳೆದವನು ಅವನು, ತಪ್ಪಿ ಬರೆಯುವವನೇ ಅಲ್ಲ. ಓದಿದ ಕ್ಷಣವೇ ನನಗೆ ಗೊತ್ತಾಯಿತು, ಗೊತ್ತಾಯಿತು, ಇನ್ನು ಯಾರ ಮುಂದೆ ಸುಳ್ಳು — ಇದು ಪ್ಯಾಂಟಿನ ಅಳತೆ, ಮನೆಗೆ ಬರ್ಲಾ ಅಕ್ಕ ಎಂದು ಕೇಳುತ್ತಿದ್ದಾನೆ. ಒಳಗಿನಿಂದ ಅಮ್ಮ, ಏನಂತಾನೆ ನನ್ ಮಗ, ಹೊಸ ನಿಲುವಂಗಿ ಬೇಕಂತಮ್ಮ, ಅಯ್ಯೋ ನನ್ನಪ್ಪ, ಇವತ್ತೇ ಕತ್ತರಿ ಹಾಕೇ, ತಡ ಮಾಡ್ಬೇಡ. ಹಾಕಿದೆ. ಭುಜದ ಅಳತೆ ನೆನಪಿನಿಂದ ತೆಗೆದುಕೊಂಡೆ, ಎರಡೆರಡು ಹೊಲಿಗೆ ಹಾಕಿದೆ, ಜನ್ಮಕ್ಕೂ ಬಿಚ್ಚದ ಹಾಗೆ. ನಿಲುವಂಗಿಯ ಮಡಿಕೆಯೊಳಗೆ ಒಂದು ಪ್ಯಾಂಟು ಇಟ್ಟು ಕಳಿಸಬಹುದಿತ್ತು, ಇಡಲಿಲ್ಲ, ಅಮ್ಮನ ಬೆಂಚು ಕಣ್ಣೆದುರಿಗಿತ್ತು. ಬಾಯಿಬಿಟ್ಟು ಹೇಳಬಹುದಿತ್ತಲ್ಲ ಇವನು ಎಂದು ಎಷ್ಟು ಸಲ ತಪ್ಪನ್ನು ಅವನ ತಲೆಗೇ ಕಟ್ಟಿದ್ದೇನೆ, ಹೇಳಿದ್ದನಲ್ಲ, ನನಗೊಬ್ಬಳಿಗೇ ತಿಳಿಯುವ ಹಾಗೆ ಹೇಳಿದ್ದ. ಮರುವರ್ಷದ ಚಳಿಗಾಲದಲ್ಲಿ ಎದೆಗೆ ಶೀತ ಇಳಿದು ಹೋಗಿಬಿಟ್ಟ, ಇಲ್ಲೇ ಮಣ್ಣು ಮಾಡಿದರು, ಅಮ್ಮ ಮುಂದಿನ ಬೆಂಚಿನಲ್ಲೇ ಕೂತು ಅತ್ತಳು.

ಇವತ್ತು ಬೆಳಿಗ್ಗೆ ಅವನಿದ್ದ ಗವಿಮಠದಲ್ಲಿ ಅಡುಗೆಯ ಮುದುಕ ಸನ್ಯಾಸಿ ನನ್ನ ಕೈಗೊಂದು ಬಟ್ಟೆಯ ಚೀಲ ಕೊಟ್ಟ, ಗೈಡು ಅವನ ಮಾತು ತಿಳಿಸಿದ, ನೀವು ಕಳಿಸಿದ ನಿಲುವಂಗಿಯಂತೆ, ನಿಮ್ ತಮ್ಮ ಹಾಸಿಗೆ ಕೆಳಗೇ ಇಟ್ಕೊಂಡಿದ್ರಂತೆ, ಯಾರನ್ನೂ ಮುಟ್ಟೋಕೆ ಬಿಡ್ತಿರ್ಲಿಲ್ವಂತೆ, ಮನೆಯವರು ಬಂದ್ರೆ ಕೊಡೋಣ ಅಂತ ಇವ್ರು ಹನ್ನೊಂದು ವರ್ಷ ಕಾಯ್ದಿದ್ದಾರೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ, ಬಿಚ್ಚಲಿಲ್ಲ, ಪ್ರೀತಿಗೆ ಇಟ್ಟುಕೊಂಡಿದ್ದ, ಕ್ಷಮಿಸಿದ್ದ, ಎಂದು ಗುಡ್ಡ ಇಳಿಯುವ ತನಕ ನನಗೆ ನಾನೇ ಹೇಳಿಕೊಂಡೆ. ಈಗ ಗಾಜಿನ ಪೆಟ್ಟಿಗೆಯ ಕೋಣೆಯಿಂದ ಹೊರಗೆ ಬಂದು, ಗೋಡೆಯ ಪಕ್ಕದ ಕಲ್ಲುಬೆಂಚಿನಲ್ಲಿ ಕೂತರೆ, ಟೀಚರಮ್ಮನಿಗೆ ತಡೆಯಲಾಗುತ್ತಿಲ್ಲ, ಬಿಚ್ಚಮ್ಮ, ನಿಮ್ ತಮ್ಮನೂ ಸಂತನೇ, ನಾವೂ ಒಂದ್ಸಲ ಕಣ್ಣಿಗೊತ್ಕೊಳ್ತೀವಿ — ಬಿಚ್ಚಿದೆ, ಕಂದು ಬಣ್ಣ, ನನ್ನದೇ ಕಾಲರು, ನನ್ನದೇ ತೋಳು, ಸೊಂಟದಿಂದ ಕೆಳಗೆ ಇಲ್ಲ. ಕತ್ತರಿ ಸಿಗದೆ ಕಡ್ಡಿ ಅಡುಗೆಮನೆಯ ಚಾಕುವಿನಲ್ಲಿ ಕೊಯ್ದಿದ್ದಾನೆ, ಅಂಚೆಲ್ಲ ಎಳೆಎಳೆ. ಇದೇನಮ್ಮ, ಇಲಿ ಕಡೀತಾ? ಅಡಿಯಲ್ಲಿ ಮಡಚಿಟ್ಟ ಇನ್ನೊಂದು ತುಂಡು, ಬಿಡಿಸಿದೆ, ಪ್ಯಾಂಟಿನ ಒಂದು ಕಾಲು, ಒಂದೇ ಕಾಲು, ಕರಿದಾರದ ಸೊಟ್ಟ ಹೊಲಿಗೆ, ಹೊಲಿಯುವವನ ಕೈ ಚಳಿಗೆ ನಡುಗಿದ ಕಡೆಯಲ್ಲೆಲ್ಲ ಸೂಜಿ ಪಕ್ಕಕ್ಕೆ ಸರಿದಿದೆ, ಕಂದು ಚುಕ್ಕೆಗಳು, ಅಲ್ಲಲ್ಲ, ರಕ್ತ — ಕೈ ತೂರಿಸಿದೆ, ನನ್ನ ಬೆರಳು ಕೆಳಗಿನ ತುದಿಯಿಂದ ಹೊರಗೆ ಬಂತು, ಏನಮ್ಮ ಅದು, ಹೇಳಮ್ಮ, ಪಕ್ಕದಲ್ಲಿ ಉಳಿದ ಬಟ್ಟೆಯ ಮೇಲೆ ಇನ್ನೊಂದು ಕಾಲಿಗೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದಾನೆ, ಕತ್ತರಿಸಿಲ್ಲ, ಬರೀ ಗೆರೆ, ಒಂದು ಕಾಲು ಹೊಲಿದಾಗಿದೆ, ಒಂದು ಕಾಲು —