ಅಣ್ಣ ಬೈಯದ ಓಟು

ಆಸ್ಪತ್ರೆಯಿಂದ ಫೋನ್ ಬಂದಾಗ ಕ್ಷೌರಿಕ ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದಿದ್ದ. ಅಣ್ಣ ತೀರಿಕೊಂಡಿದ್ದ. ಕತ್ತಿ ಕೆಳಗಿಟ್ಟ; ಉಳಿದರ್ಧವನ್ನು ಗಿರಾಕಿಯೇ ಕನ್ನಡಿ ನೋಡಿಕೊಂಡು ಮುಗಿಸಿ ಮೆಲ್ಲಗೆ ಎದ್ದುಹೋದ.

ಅಂಗಡಿಯಲ್ಲಿ ಎರಡು ಕುರ್ಚಿ, ಅಣ್ಣನದೊಂದು, ತಮ್ಮನದೊಂದು. ಎದುರಿನ ಚರಂಡಿಯನ್ನು ರಿಪೇರಿ ಮಾಡಿಸದ ಕೌನ್ಸಿಲರನನ್ನು ಬೈಯುತ್ತಲೇ ಅಣ್ಣ ಕತ್ತರಿ ಆಡಿಸುತ್ತಿದ್ದ. “ಈ ಸಲ ಅವನಿಗೆ ಓಟು ಹಾಕಿದ್ರೆ ನಿನ್ನ ತಲೆ ನಾನೇ ಬೋಳಿಸ್ತೀನಿ ನೋಡು,” ಎಂದು ತಮ್ಮನಿಗೂ ತಾಕೀತು ಮಾಡಿದ್ದ.

ಸಾವಿನ ಮನೆಗೆ ಎಲ್ಲರೂ ಬಂದು ಹೋದರು. ಸಂಜೆಯವರೆಗೆ ನೆಲದ ಮೇಲೆ, ತಮ್ಮನ ಕೈ ಹಿಡಿದು ಕೂತವನು ಆ ಕೌನ್ಸಿಲರ್ ಒಬ್ಬನೇ.

ಓಟಿನ ದಿನ ಹೆಂಡತಿ ಬಾಗಿಲಲ್ಲೇ ತಡೆದಳು. “ರೀ, ಕೈ ಹಿಡಿದ ಅಂತ ಓಟು ಹಾಕಿಬಿಡ್ಬೇಡಿ. ಚರಂಡಿ ಹಾಗೇ ನಾರ್ತಾ ಇದೆ. ಭಾವನೋರು ಇದ್ದಿದ್ರೆ ಏನಂತಿದ್ರು?”

“ಗೊತ್ತು ಕಣೇ.”

ಗೊತ್ತಿದ್ದೂ, ಮತಯಂತ್ರದ ಮುಂದೆ ಅವನಿಗೆ ಚರಂಡಿ ನೆನಪಾಗಲಿಲ್ಲ. ಆ ಬೆಚ್ಚನೆಯ ಅಂಗೈ ನೆನಪಾಯಿತು. ಬೆರಳು ಕೌನ್ಸಿಲರನ ಗುರುತನ್ನೇ ಒತ್ತಿತು.

ಅಂಗಡಿಗೆ ಬಂದು, ಶಾಯಿ ಹತ್ತಿದ ಬೆರಳನ್ನು ಅಣ್ಣನ ಕುರ್ಚಿಯ ಮುಂದೆ ಹಿಡಿದ. “ತಪ್ಪು ಮಾಡ್ಬಿಟ್ಟೆ. ಬೈಯಣ್ಣ, ತಲೆ ಬೋಳಿಸಣ್ಣ.” ಕುರ್ಚಿ ಖಾಲಿಯೇ ಇತ್ತು. ಬೈಸಿಕೊಳ್ಳುವ ಭಾಗ್ಯವೂ ತೀರಿತೆಂದು ಆಗ ಅರ್ಥವಾಗಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿ ಕೈಮುಗಿದ.

“ದೇವರೇ, ನನ್ನ ಮೇಲಿನ ಸಿಟ್ಟನ್ನ ಅವನು ನಿನ್ನಲ್ಲಿಗೂ ಹೊತ್ಕೊಂಡು ಬರೋದು ಬೇಡ. ನನ್ನಣ್ಣನನ್ನ ನಿನ್ನ ಹತ್ತಿರ ನೆಮ್ಮದಿಯಾಗಿ ಇಟ್ಕೋಪ್ಪಾ.”