ಕೈಗುಣದಣ್ಣನ ತೋರುಬೆರಳು

ಗಾಡಿಯ ಅಡಿಯಲ್ಲಿ ಮತ್ತೆ ಎಣ್ಣೆಯ ಕಲೆ. ಮೊದಲು ಅಂಗೈಯಗಲ ಇದ್ದದ್ದು ಈಗ ಊಟದ ತಟ್ಟೆಯಷ್ಟಾಗಿತ್ತು.

ಗಾಡಿ ಎಂದರೆ ಮುಂದೆ ದೊಡ್ಡ ಬಕೆಟ್ಟು, ಹಿಂದೆ ಮಣ್ಣು ಅಗೆಯುವ ಉದ್ದನೆಯ ತೋಳು ಇರುವ ಹಳೆಯ ಬ್ಯಾಕ್‌ಹೋ ಲೋಡರ್. ಅದರ ಮಾಲೀಕನೂ ಆಪರೇಟರನೂ ಒಬ್ಬನೇ. ಯಾವ ಯಂತ್ರ ಕೆಟ್ಟರೂ ಮುಟ್ಟಿ ನೋಡಿಯೇ ರೋಗ ಹೇಳುತ್ತಾನೆಂದು ಜೊತೆಯ ಡ್ರೈವರುಗಳು ಅವನನ್ನು ಕೈಗುಣದಣ್ಣ ಎಂದು ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಅವನಿಗೂ ಒಳಗೊಳಗೇ ಖುಷಿ.

"ದಿನಾ ಇದಕ್ಕೆ ಎಣ್ಣೆ ಕುಡಿಸ್ತಾನೇ ಇದ್ದೀರಿ. ಅದೆಲ್ಲಿಗೆ ಹೋಗ್ತಿದೆ ಅಂತ ನೋಡಬಾರದಾ?" ಎಂದಳು ಹೆಂಡತಿ, ಕಲೆಯ ಮೇಲೆ ಮರದ ಹೊಟ್ಟು ಸುರಿಯುತ್ತ.

"ವಯಸ್ಸಾದ ಗಾಡಿ ಕಣೇ. ಸ್ವಲ್ಪ ಬೆವರುತ್ತೆ."

ಅವನ ತಂಗಿಗೆ ಮುಖ್ಯರಸ್ತೆಯಲ್ಲಿ ಹೈಡ್ರಾಲಿಕ್ ಹೋಸ್ ಅಂಗಡಿ ಇತ್ತು. ಇಂಥ ಯಂತ್ರಗಳ ತೋಳು ಏಳುವುದೂ ಇಳಿಯುವುದೂ ಎಣ್ಣೆಯ ಒತ್ತಡದಿಂದ. ಆ ಎಣ್ಣೆ ಹರಿಯುವ ರಬ್ಬರ್ ಪೈಪುಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಫಿಟಿಂಗ್ ಕೂರಿಸಿ ಕೊಡುವುದು ಅವಳ ಕೆಲಸ. ಮನೆಗೆ ಬಂದಾಗಲೆಲ್ಲ ಅವಳು ಗಾಡಿಯ ಸುತ್ತ ಒಂದು ಸುತ್ತು ಹಾಕುತ್ತಿದ್ದಳು.

"ಅಣ್ಣಾ, ಹಿಂದಿನ ತೋಳಿನ ಪೈಪು ಬಿರುಕು ಬಿಟ್ಟಿದೆ. ಒಳಗಿನ ತಂತಿ ಕಾಣ್ತಿದೆ. ಬದಲಾಯಿಸಿಬಿಡು."

"ಪೈಪ್ ಮಾರೋಳು ಇನ್ನೇನು ಹೇಳ್ತೀಯ!" ಎಂದು ಅವನು ನಕ್ಕ. ತಂಗಿ ನಗಲಿಲ್ಲ.

ಚರಂಡಿ ಅಗೆಯುವ ಕೆಲಸ ನಡೆದಿದ್ದ ದಿನ, ಮಧ್ಯಾಹ್ನದ ಹೊತ್ತಿಗೆ ತೋಳು ಸುಸ್ತಾದವರಂತೆ ತಾನಾಗಿಯೇ ಕೆಳಗಿಳಿಯತೊಡಗಿತು. ಕೈಗುಣದಣ್ಣ ಎಂಜಿನ್ ಆರಿಸಲಿಲ್ಲ. ಹಾಗೆಯೇ ಕೆಳಗಿಳಿದು, ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಪೈಪಿನುದ್ದಕ್ಕೂ ಬರಿಗೈ ಆಡಿಸಿದ. ತೋರುಬೆರಳಿಗೆ ಇರುವೆ ಕಚ್ಚಿದಂತಾಯಿತು. ಕೈ ಹಿಂದಕ್ಕೆಳೆದುಕೊಂಡು ನೋಡಿದರೆ ಪೆನ್ಸಿಲ್ ಮೊನೆಯಷ್ಟು ಒಂದು ಚುಕ್ಕೆ. ರಕ್ತವೂ ಇಲ್ಲ. ಪ್ಯಾಂಟಿಗೆ ಒರೆಸಿಕೊಂಡು, ಎಣ್ಣೆ ತುಂಬಿಸಿ, ಮತ್ತೆ ಸೀಟು ಹತ್ತಿದ.

ಊಟಕ್ಕೆ ಮನೆಗೆ ಬಂದಾಗ ಬೆರಳು ಬಿಳಚಿಕೊಂಡು ಊದಿತ್ತು. ಪೈಪು ಸವರುವಾಗ ಏನೋ ಚುಚ್ಚಿತೆಂದು ಅವನು ಹೇಳಿದ್ದೇ ಹೆಂಡತಿ ನಾದಿನಿಗೆ ಫೋನು ಹಚ್ಚಿದಳು. ತಂಗಿ ಅಂಗಡಿಯ ಬಾಗಿಲೆಳೆದುಕೊಂಡು ಓಡಿ ಬಂದಳು.

"ಅಣ್ಣಾ, ಏಳು. ಆಸ್ಪತ್ರೆಗೆ ಹೋಗೋಣ."

"ಸೂಜಿ ಚುಚ್ಚಿದಷ್ಟು ಗಾಯಕ್ಕೆ ಆಸ್ಪತ್ರೆನಾ? ನೋವೇ ಇಲ್ಲ ಕಣೆ."

"ನೋವಿಲ್ಲ ಅನ್ನೋದೇ ನಂಗೆ ಭಯ. ಅದು ಸೂಜಿಯಲ್ಲ. ಆ ಒತ್ತಡಕ್ಕೆ ಎಣ್ಣೆ ಚರ್ಮ ತೂರಿಕೊಂಡು ಒಳಗೆ ಹೋಗಿದೆ. ಅಂಗಡಿಗೆ ಬರ್ತಿದ್ದ ಒಬ್ಬ ಮೆಕ್ಯಾನಿಕ್ಕು ನಿನ್ನ ಹಾಗೇ ನೋವಿಲ್ಲ, ಬೆಳಿಗ್ಗೆ ನೋಡಿದರಾಯ್ತು ಅಂದ. ಬೆಳಿಗ್ಗೆ ನೋಡಿದ್ರೆ ಬೆರಳು ಕಪ್ಪಗಾಗಿತ್ತು. ಕತ್ತರಿಸಬೇಕಾಯ್ತು."

ಅವನು ತಟ್ಟೆಯತ್ತ ಕೈ ಚಾಚಿದ. ತಂಗಿ ತಟ್ಟೆಯನ್ನೇ ಪಕ್ಕಕ್ಕೆ ಸರಿಸಿದಳು. "ಊಟ ಬೇಡ, ನೀರೂ ಬೇಡ. ಆಪರೇಷನ್ ಮಾಡಬೇಕಾಗಬಹುದು."

ಆಪರೇಷನ್ ಎಂಬ ಮಾತು ಕೇಳಿದ್ದೇ ಅವನು ಊಟದ ಆಸೆ ಬಿಟ್ಟ. ಎದ್ದು ಅಂಗಿ ತೊಟ್ಟ. ಗುಂಡಿ ಹಾಕಲು ಬೆರಳು ಮಡಚಲಿಲ್ಲ. ಹೆಂಡತಿ ಹತ್ತಿರ ಬಂದು ಒಂದೊಂದಾಗಿ ಹಾಕಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಸ್ಪತ್ರೆಯಲ್ಲಿ ತಂಗಿ ಮೊದಲು ಹೇಳಿದ್ದು ಒಂದೇ ಮಾತು: "ಹೆಚ್ಚು ಒತ್ತಡದ ಹೈಡ್ರಾಲಿಕ್ ಎಣ್ಣೆ ಬೆರಳೊಳಗೆ ನುಗ್ಗಿದೆ." ಯಾವ ಎಣ್ಣೆ ಎಂದು ತಿಳಿಯಲೆಂದು ಡಬ್ಬವನ್ನೂ ತಂದಿದ್ದಳು. ಶಸ್ತ್ರಚಿಕಿತ್ಸೆಯ ಡಾಕ್ಟರರು ಚುಕ್ಕೆಯನ್ನು ನೋಡಿ ತಡಮಾಡಲಿಲ್ಲ. ಬೆರಳಿನಿಂದ ಅಂಗೈಯವರೆಗೆ ಕೊಯ್ದು ತೆರೆದರು. ಎಣ್ಣೆ ಅಲ್ಲಿಯವರೆಗೂ ಹರಡಿತ್ತು. ತೊಳೆದರು. ಇನ್ನೊಮ್ಮೆ ತೆರೆದು ತೊಳೆಯಬೇಕಾಯಿತು.

"ಬೆರಳು ಉಳೀತು," ಎಂದರು ಆಮೇಲೆ. "ಆದ್ರೆ ತುದಿ ಪೂರ್ತಿ ಮಡಚೋದು ಅನುಮಾನ. ರಾತ್ರಿ ಕಳೆದು ಬಂದಿದ್ರೆ ಇಷ್ಟೂ ಹೇಳೋ ಹಾಗಿರಲಿಲ್ಲ."

ಪಟ್ಟಿ ಕಟ್ಟಿದ ಕೈ ಹೊತ್ತು ಮನೆಗೆ ಬಂದ ಮೇಲೂ ಅವನಿಗೆ ಒಂದು ಮಾತು ಅರಗಲಿಲ್ಲ. "ನೋಡೋಕೆ ಬರೀ ಜಿನುಗು ಕಣೆ. ಅಲ್ಲಿಂದ ಎಣ್ಣೆ ಹಾರಿದ್ದನ್ನ ನಾನು ಕಾಣಲೇ ಇಲ್ಲ."

"ಕಾಣಲ್ಲ. ತೋರಿಸ್ತೀನಿ, ದೂರ ನಿಂತ್ಕೋ," ಎಂದಳು ತಂಗಿ.

ಗಾಡಿ ಓಡಿಸುವುದನ್ನು ಅವನಿಂದಲೇ ಕಲಿತಿದ್ದ ಹೆಂಡತಿ ಸೀಟಿನಲ್ಲಿ ಕೂತು ಎಂಜಿನ್ನನ್ನು ನಿಧಾನ ವೇಗದಲ್ಲಿ ಓಡಿಸಿದಳು. ತಂಗಿ ಕನ್ನಡಕ, ದಪ್ಪ ಕೈಗವಸು ತೊಟ್ಟು, ಉದ್ದನೆಯ ಕೋಲಿಗೆ ಕಟ್ಟಿದ ರಟ್ಟನ್ನು ಪೈಪಿನ ಮುಂದೆ ಸರಿಸಿದಳು. ಗಾಳಿಯಲ್ಲಿ ಏನೂ ಕಾಣುತ್ತಿರಲಿಲ್ಲ. ರಟ್ಟಿನ ಮೇಲೆ ಮಾತ್ರ ಬ್ಲೇಡಿನಲ್ಲಿ ಗೀರಿದಂಥ ಕಪ್ಪು ಗೆರೆ ಮೂಡಿತು. ಕೈಗುಣದಣ್ಣ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡ.

"ಪೈಪ್ ಮಾರೋಳು ಅಂತ ಅಂದುಬಿಟ್ಟೆ ನಿನ್ನ," ಎಂದ.

"ಮಾರ್ತೀನಿ ತಾನೆ? ಇವತ್ತೂ ಒಂದು ಮಾರ್ತೀನಿ," ಎಂದಳು ಅವಳು. ಈ ಸಲ ಮೂವರೂ ನಕ್ಕರು.

ಹೆಂಡತಿ ಮುಂದಿನ ಬಕೆಟ್ಟನ್ನೂ ಹಿಂದಿನ ತೋಳನ್ನೂ ನೆಲಕ್ಕೆ ಊರಿಸಿದಳು. ಎಂಜಿನ್ ಆರಿಸಿ, ಒಳಗೆ ಉಳಿದ ಒತ್ತಡ ಹೋಗಲೆಂದು ಲಿವರುಗಳನ್ನೆಲ್ಲ ಅತ್ತಿತ್ತ ಆಡಿಸಿದಳು. ಎಣ್ಣೆ ತಣ್ಣಗಾದ ಮೇಲಷ್ಟೇ ತಂಗಿ ಪಾನಾ ಹಿಡಿದು ಹಳೆಯ ಪೈಪು ಬಿಚ್ಚಿದಳು. ಕಬ್ಬಿಣಕ್ಕೆ ಉಜ್ಜಿ ಸವೆದಿದ್ದ ಇನ್ನೊಂದು ಪೈಪೂ ಅವತ್ತೇ ಹೋಯಿತು. ಫಿಲ್ಟರ್ ಹೊಸದಾಯಿತು. ಎಣ್ಣೆಯ ಮಟ್ಟ ನೋಡಿ ತುಂಬಿಸಿದರು. ಅಗೆಯುವ ತೋಳನ್ನು ತಳ್ಳುವ ಜಾಕಿನ ಉಕ್ಕಿನ ರಾಡ್ ಒರೆಸಿ, ಗೀರು ಬಿದ್ದಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಗಾಯ ಮಾಗಿ ಅವನು ಕೆಲಸಕ್ಕೆ ಮರಳಿದ. ತೋರುಬೆರಳಿನ ತುದಿ ಈಗಲೂ ನೆಟ್ಟಗೇ ನಿಲ್ಲುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಗಂಡ ಹೆಂಡತಿ ಇಬ್ಬರೂ ಟಾರ್ಚ್ ಹಿಡಿದು ಪ್ರತಿ ಪೈಪನ್ನೂ ಕಣ್ಣಿನಿಂದ ನೋಡುತ್ತಾರೆ. ಮೊನ್ನೆ ಒಬ್ಬ ಟಿಪ್ಪರ್ ಡ್ರೈವರು ತನ್ನ ಗಾಡಿಯ ಸೋರುವ ಪೈಪಿಗೆ ಕೈ ಚಾಚಿದಾಗ ಕೈಗುಣದಣ್ಣ ದೂರದಿಂದಲೇ ಕಿರುಚಿದ: "ಏ, ಕೈ ತೆಗಿ! ಮೊದಲು ಎಂಜಿನ್ ಆರಿಸು!"

ಯಂತ್ರದ ಜೊತೆ ಬದುಕುವ ಅಣ್ಣಂದಿರೇ, ತಮ್ಮಂದಿರೇ, ಅವರ ಮನೆಯವರೇ, ಸೋರುವ ಪೈಪನ್ನು ಬರಿಗೈಯಲ್ಲಿ ಹುಡುಕಬೇಡಿ. ಕೈಗವಸು ತೊಟ್ಟ ಕೈಯನ್ನೂ ಒಡ್ಡಬೇಡಿ, ಅದನ್ನೂ ಎಣ್ಣೆ ತೂರುತ್ತದೆ. ಬಿರುಕು ಬಿಟ್ಟ ಪೈಪನ್ನು ಒಡೆಯುವ ಮೊದಲೇ ಬದಲಾಯಿಸಿ. ಬಕೆಟ್ಟು ನೆಲ ಮುಟ್ಟದೆ, ಎಂಜಿನ್ ಆರದೆ, ಒತ್ತಡ ಇಳಿಯದೆ ಯಾವ ನಟ್ಟನ್ನೂ ಸಡಿಲಿಸಬೇಡಿ. ಎತ್ತಿ ನಿಲ್ಲಿಸಿದ ಬಕೆಟ್ಟಿನ ಅಡಿ ಹೋಗಲೇಬೇಡಿ. ಅಕಸ್ಮಾತ್ ಎಣ್ಣೆ ಚುಚ್ಚಿತೋ, ಗಾಯ ಎಷ್ಟೇ ಚಿಕ್ಕದಿರಲಿ, ನೋವು ಇರಲಿ ಬಿಡಲಿ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೊರಡಿ. ಪೈಪು ಅಂಗಡಿಯಲ್ಲಿ ಸಿಗುತ್ತದೆ. ಬೆರಳು ಸಿಗುವುದಿಲ್ಲ.